ಅಳತೆ ರವಿಕೆಯ ಮೂರು ಸಾಲು ಹೊಲಿಗೆ

2005, ಮೇ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಗೋಣಿಬೀಡಿನ ಮೇಲಿನ ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕ ಬರೆಯುತ್ತಿದ್ದ ಅಪ್ಪನಿಗೆ ಕೊಟ್ಟಿದ್ದ ಮನೆ. ಅದರ ಜಗಲಿಯಲ್ಲಿ ಕೂತು ನಾನು ಒಂದು ಹಳೆಯ ರವಿಕೆಯ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಲು ಶುರು ಮಾಡಿದೆ. ಅಲ್ಲಿಯವರೆಗೆ ಅಮ್ಮನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಎರಡೇ. ನನಗೆ ಏಳು ವರ್ಷವಾಗಿದ್ದಾಗ ಅವಳು ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಅದಕ್ಕೂ ಒಂದು ವರ್ಷ ಮೊದಲು ನನ್ನನ್ನು ಕಳಸದ ಅತ್ತೆಯ ಮನೆಗೆ ಕಳಿಸಿಬಿಟ್ಟಳು. ಮೊದಲನೆಯದನ್ನು ನಂಬಿದ್ದೆ. ಎರಡನೆಯದನ್ನು ಕ್ಷಮಿಸಿರಲಿಲ್ಲ.

ರವಿಕೆ ನನ್ನ ಕೈಗೆ ಬಂದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಆಗ ನಾನು ಮಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಪದವಿಯ ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ನನ್ನ ಓದಿನ ಬಗ್ಗೆ ಜನ ಏನೆಂದುಕೊಂಡಿದ್ದಾರೆ ಎಂಬುದನ್ನು ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಲೆಕ್ಕ ಇಡುತ್ತಿದ್ದೆ. 'ಟೈಲರಿಂಗ್' ಎಂಬ ಸಾಲಿನಲ್ಲಿ ಗೀಟುಗಳು ಪುಟದ ಅಂಚು ಮುಟ್ಟಿದ್ದವು. 'ಹುಡುಗೀರ ಕೋರ್ಸು' ಎರಡನೆಯದು. ಲೆಕ್ಕ ಬಾರದವರಿಗೆ ಸಿಗುವ ಡಿಗ್ರಿ ಎಂದವರೂ ಇದ್ದರು.

ಎಸ್ಟೇಟಿನ ಮೇಸ್ತ್ರಿ ಮಾತ್ರ ಬೇರೆಯೇ ಕೇಳಿದರು. "ಟೀವೀಲಿ ಬೆಕ್ಕಿನ ಹಾಗೆ ನಡೀತಾರಲ್ಲ ಮಾರಾಯ, ಅದಕ್ಕೂ ಪರೀಕ್ಷೆ ಉಂಟಾ? ಕಾಫಿ ಕಣ ಖಾಲಿ ಉಂಟು. ಒಂದ್ಸಲ ನಡೆದು ತೋರ್ಸು, ನೋಡುವ."

ಕಣದ ಪಕ್ಕದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾವು ಆ ವರ್ಷವೆಲ್ಲ ಮಾಡಿದ್ದು ನೂಲನ್ನು ಸುಟ್ಟು ವಾಸನೆ ಹಿಡಿಯುವುದು, ಎದೆಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸುವುದು, ಹಳೆಯ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಬಿಚ್ಚುವುದು ಎಂದರೆ ಯಾರೂ ನಂಬುತ್ತಿರಲಿಲ್ಲ. ನನ್ನದೇ ಹೆಸರಿಗೂ ಒಂದು ಗೀಟು ಇತ್ತು. ಬಟ್ಟೆ ಇರುವುದು ತೋರಿಸಿಕೊಳ್ಳಲಿಕ್ಕೆ ಎಂದು ನಾನೂ ನಂಬಿದ್ದೆ.

ಗೋಣಿಬೀಡಿನ ಬಸ್ ಸ್ಟಾಪಿನ ಹತ್ತಿರ ಒಬ್ಬರು ಟೈಲರ್ ಇದ್ದರು. ಹಿಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಂಗಡಿ ಖಾಲಿ ಮಾಡುತ್ತಿದ್ದ ಅವರ ಹೆಂಡತಿ ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದರು.

"ತಮ್ಮಾ, ನೀನು ಇದೇ ಕೆಲ್ಸ ಓದ್ತಿರೋದಲ್ವಾ? ಇವು ಜನ ಬಿಟ್ಟುಹೋದ ಅಳತೆ ರವಿಕೆಗಳು. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ನಮ್ಮ ಕಡೆ ಯಾವ ಹೆಂಗಸೂ ಟೈಲರಿಗೆ ಮೈಯಳತೆ ಕೊಡುವುದಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆ ಕೊಡುತ್ತಾರೆ, ಟೈಲರ್ ಅದನ್ನು ನೋಡಿ ಹೊಸದನ್ನು ಹೊಲಿಯುತ್ತಾನೆ. ಚೀಲದಿಂದ ಒಂದು ನೇರಳೆ ರವಿಕೆ ತೆಗೆದು ಆಕೆ ನನ್ನ ಕೈಗಿಟ್ಟರು. "ಇದು ನಿಮ್ಮನೇದು. ಯಾರೂ ಮುಟ್ಟಬಾರ್ದು ಅಂತ ನಮ್ಮವ್ರು ಬೇರೆ ಇಟ್ಟಿದ್ರು."

ಅಜ್ಜಿ ಅದನ್ನು ದೂರದಿಂದಲೇ ಗುರುತು ಹಿಡಿದಳು. "ನಿನ್ನಮ್ಮಂದು. ಹನ್ನೊಂದರ ದಿನ ಎಲ್ಲ ಕೊಟ್ಟಾಗಿತ್ತಲ್ಲ. ಟೈಲರ್ ಹತ್ರ ಇದೊಂದು ಉಳ್ಕೊಂಡಿತ್ತಾ?"

ಅಮ್ಮನ ಫೋಟೋ ಮನೆಯಲ್ಲಿ ಒಂದೇ ಇತ್ತು, ಮುಖದ್ದು ಮಾತ್ರ. ಅವಳ ಭುಜ ಎಷ್ಟು ಅಗಲ, ಬೆನ್ನು ಹೇಗಿತ್ತು ಎಂಬುದು ನನಗೆ ನೆನಪಿರಲಿಲ್ಲ. ಕಾಲೇಜಿನಲ್ಲಿ ಕಲಿತದ್ದನ್ನು ಮಾಡಿದೆ: ರವಿಕೆ ಬಿಚ್ಚಿ ಅಳತೆ ತೆಗೆದು ಆ ಅಳತೆಗೆ ಬೊಂಬೆಯಂಥ ಒಂದು ಮೈ ಕಟ್ಟುವುದು.

ಪಕ್ಕದಲ್ಲಿ ಮೂರು ಸಾಲು ಹೊಲಿಗೆ ಇತ್ತು. ಮುಂದೆ ದಪ್ಪವಾದರೆ ಬಿಚ್ಚಿಕೊಳ್ಳಲಿ ಎಂದು ಟೈಲರುಗಳು ಮೊದಲೇ ಎರಡು ಮೂರು ಸಾಲು ಹಾಕುವುದುಂಟು. ಇದೂ ಹಾಗೆಯೇ ಎಂದುಕೊಂಡು ಬಿಚ್ಚಿದೆ. ಹಾಗಿದ್ದಿದ್ದರೆ ಒಳಗೆ ಮಡಚಿದ್ದ ಬಟ್ಟೆಯೆಲ್ಲ ಒಂದೇ ಬಣ್ಣ ಇರಬೇಕಿತ್ತು. ಇರಲಿಲ್ಲ. ತೀರ ಅಂಚಿನಲ್ಲಿ ಗಟ್ಟಿ ನೇರಳೆ, ಹೊಸ ಥಾನಿನಿಂದ ಈಗಷ್ಟೇ ಕತ್ತರಿಸಿದ ಬಟ್ಟೆಯಂತೆ. ಮೊದಲ ಮತ್ತು ಎರಡನೆಯ ಸಾಲಿನ ನಡುವೆ ಸ್ವಲ್ಪ ಮಾಸಿದ ಪಟ್ಟಿ. ಎರಡನೆಯ ಮತ್ತು ಮೂರನೆಯದರ ನಡುವೆ ಇನ್ನೂ ಮಾಸಿದ ಪಟ್ಟಿ. ಆ ಎರಡು ಪಟ್ಟಿಗಳೂ ಮೊದಲು ಹೊರಗಿದ್ದು, ಬಿಸಿಲು ಕಂಡು, ಎಷ್ಟೋ ಸಲ ಒಗೆಸಿಕೊಂಡು, ಆಮೇಲೆ ಒಳಗೆ ಹೋದವು. ಯಾರೋ ಇದನ್ನು ಹಾಕಿಕೊಳ್ಳುತ್ತ ಹಾಕಿಕೊಳ್ಳುತ್ತಲೇ ತೆಳ್ಳಗಾಗಿದ್ದರು. ಮೂರು ದಿನದಲ್ಲಲ್ಲ.

"ನಿಮ್ಮತ್ತೆ ಹಾಕ್ಕೊಂಡಿರ್ಬಹುದು," ಎಂದಳು ಅಜ್ಜಿ, ನನ್ನ ಮುಖ ನೋಡದೆ.

ಕಳಸಕ್ಕೆ ಫೋನ್ ಮಾಡಿದೆ. "ಸತ್ತವ್ರ ಬಟ್ಟೆ ನಾನು ಹಾಕ್ತೀನಾ? ಎಂತ ಮಾತಾಡ್ತಿ ನೀನು?" ಎಂದು ಅತ್ತೆ ರೇಗಿದಳು. ಆಮೇಲೆ, "ನಿಮ್ಮಪ್ಪನ್ನೇ ಕೇಳು," ಎಂದು ಇಟ್ಟುಬಿಟ್ಟಳು.

ಕೇಳಿದರೆ ಅಪ್ಪ "ಜ್ವರ" ಎಂದಷ್ಟೇ ಹೇಳಿ ಸ್ಟೋರಿನ ಕಡೆ ಹೋದರು.

ಮೊದಲ ಸಾಲಿನ ಅಳತೆಗೆ ಮೈ ಕಟ್ಟಿದೆ. ಕಾಫಿ ತುಂಬುವ ಗೋಣಿಚೀಲ ಕತ್ತರಿಸಿ ಹೊಲಿದು, ಹಳೆಯ ದಿಂಬಿನ ಬೂರುಗದ ಹತ್ತಿ ತುರುಕಿ, ಒಂದು ಗೂಟಕ್ಕೆ ಸಿಕ್ಕಿಸಿ ಒಳಕೋಣೆಯ ಮೂಲೆಯಲ್ಲಿ ನಿಲ್ಲಿಸಿದೆ. ಎಡಭುಜ ಬಲಕ್ಕಿಂತ ಕೊಂಚ ಕೆಳಗಿತ್ತು. ಅದನ್ನು ನಾನು ಮಾಡಿದ್ದಲ್ಲ, ರವಿಕೆಯಲ್ಲೇ ಹಾಗಿತ್ತು. ಯಾರೋ ಹೆಗಲು ಇಳಿಬಿಟ್ಟು ಕಿಟಕಿಯಾಚೆ ನೋಡುತ್ತ ನಿಂತ ಹಾಗೆ ಕಾಣುತ್ತಿತ್ತು. ಕೋಣೆಗೆ ಹೋದಾಗಲೆಲ್ಲ ನಾನು ಬಾಗಿಲಲ್ಲೇ ಒಂದು ಕ್ಷಣ ತಡೆಯುತ್ತಿದ್ದೆ, ಒಳಗೆ ಬರಲೇ ಎಂದು ಕೇಳುವವನಂತೆ.

ಅಜ್ಜಿ ಆ ಕೋಣೆಗೆ ಕಾಲಿಡಲಿಲ್ಲ. "ಅದ್ರ ಮುಖ ಗೋಡೆ ಕಡೆ ತಿರ್ಗ್ಸು."

"ಅದಕ್ಕೆ ಮುಖ ಇಲ್ಲ ಅಜ್ಜಿ."

"ಅದಕ್ಕೇ ಹೇಳಿದ್ದು."

ಮೂರನೆಯ ದಿನ ಊಟಕ್ಕೆ ಬಂದ ಅಪ್ಪ ಕೈ ಒರೆಸುತ್ತ ಕೋಣೆಗೆ ಬಂದರು. ಬಹಳ ಹೊತ್ತು ಅದರ ಬೆನ್ನನ್ನೇ ನೋಡಿದರು. ಆಮೇಲೆ ಎರಡೂ ಅಂಗೈಗಳನ್ನು ಅದರ ಪಕ್ಕೆಗಿಟ್ಟು ಒತ್ತಿದರು. ಹತ್ತಿ ಒಳಗೆ ಸರಿಯಿತು.

"ಇಷ್ಟಿರ್ಲಿಲ್ಲ ಕೊನೇಲಿ," ಎಂದರು. "ಇಷ್ಟೇ."

ಅವರ ಹೆಬ್ಬೆರಳು ನಿಂತ ಜಾಗಕ್ಕೆ ನಾನು ಸೀಮೆಸುಣ್ಣದ ಗುರುತು ಹಾಕಿದೆ. ಅದು ಮೂರನೆಯ ಸಾಲಿಗಿಂತಲೂ ಒಳಗಿತ್ತು.

"ಯಾವಾಗಿಂದ ಇತ್ತಪ್ಪ ಕಾಯಿಲೆ?"

"ನೀನು ಕಳಸಕ್ಕೆ ಹೋಗೋಕ್ಕಿಂತ ಮುಂಚಿಂದ."

"ನನ್ನನ್ನ ಕಳ್ಸಿದ್ದು ಯಾರು? ಅವಳಾ, ನೀವಾ?"

ಅವರು ಕೈ ತೆಗೆದರು. ಹತ್ತಿ ಮೆಲ್ಲಗೆ ಮತ್ತೆ ಉಬ್ಬಿಕೊಂಡಿತು. ಅಪ್ಪ ಟೋಪಿ ಹಾಕಿಕೊಂಡು ಹೊರಟರು. ಆ ಮಾತನ್ನು ನಾವು ಮತ್ತೆ ಎತ್ತಿಲ್ಲ.

ಕಳಸದಲ್ಲಿದ್ದ ವರ್ಷ ಅಮ್ಮ ನನ್ನನ್ನು ನೋಡಲು ಎರಡು ಸಲ ಬಸ್ಸಿನಲ್ಲಿ ಬಂದಿದ್ದಳು. ಎರಡೂ ಸಲ ನಾನು ಕೆನ್ನೆ ಒತ್ತಿದ್ದು ನೇರಳೆ ಬಣ್ಣಕ್ಕೆ. ಎರಡನೆಯ ಸಲ ಅವಳು ನನ್ನನ್ನು ಎತ್ತಿಕೊಳ್ಳಲಿಲ್ಲ, "ದೊಡ್ಡವನಾದೆಯಲ್ಲ" ಎಂದಳು. ಮನೆಗೆ ಕರೆದುಕೊಂಡು ಹೋಗುತ್ತಾಳೇನೋ ಎಂದು ನಾನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಲೇ ಇದ್ದೆ. ತೋಳು ಜೋಲುತ್ತಿರಲಿಲ್ಲ. ಪಕ್ಕದಲ್ಲಿ ಎಲ್ಲೂ ಸಡಿಲ ಇರಲಿಲ್ಲ. ರವಿಕೆ ಅಚ್ಚುಕಟ್ಟಾಗಿ ಕೂತಿತ್ತು. ನನಗೆ ಏನೂ ಕಾಣಲಿಲ್ಲ.

ಅಪ್ಪ ಹೊರಟ ಮೇಲೆ, ಡೈರಿಯ ಕೊನೆಯ ಪುಟದಲ್ಲಿ 'ತೋರಿಸಿಕೊಳ್ಳಲಿಕ್ಕೆ' ಎಂಬ ನನ್ನ ಗೀಟನ್ನು ಅಳಿಸಿದೆ.

ಗೋಣಿಯ ಮೈ ಈಗ ನಾನು ಕೆಲಸ ಮಾಡುವ ಕೋಣೆಯಲ್ಲಿದೆ. ಮಳೆಗಾಲದಲ್ಲಿ ಗೋಣಿ ತೇವ ಎಳೆದುಕೊಂಡು ಕಾಫಿಯ ವಾಸನೆ ಬರುತ್ತದೆ. ಯಾವ ಅಳತೆಗೆ ನಿಲ್ಲಿಸಬೇಕೆಂದು ತಿಳಿಯದೆ ಅದನ್ನು ಮೊದಲ ಸಾಲಿನಲ್ಲೇ ಬಿಟ್ಟಿದ್ದೇನೆ.

1992 ಮತ್ತು 93ರಲ್ಲಿ ಗೋಣಿಬೀಡಿನ ಆ ಟೈಲರಂಗಡಿಯ ಬೆಂಚಿನ ಮೇಲೆ ಕೂತವರು ಯಾರಾದರೂ ಇದನ್ನು ಓದುತ್ತಿರಬಹುದು. ಎಡಭುಜ ತುಸು ಇಳಿದ, ನೇರಳೆ ರವಿಕೆಯ ಹೆಂಗಸೊಬ್ಬಳು ಪಕ್ಕ ಹಿಡಿಸಲು ಬಂದದ್ದು ನಿಮಗೆ ನೆನಪಿದೆಯೇ? ಒಬ್ಬಳೇ ಬಂದಿದ್ದಳೇ? ಕೊನೆಯ ಸಲ ಅದನ್ನು ಅಳತೆಗೆಂದು ಬಿಟ್ಟುಹೋದಾಗ ಹೊಸದನ್ನು ಯಾವ ದಿನಕ್ಕೆ ಬೇಕೆಂದಳು, ಎಲ್ಲಿಗೆ ಹೋಗಲಿಕ್ಕೆಂದಳು? ಮಗನನ್ನು ಕಳಸಕ್ಕೆ ಕಳಿಸಿದ್ದರ ಬಗ್ಗೆ ಏನಾದರೂ ಅಂದಳೇ? ಅರ್ಧ ಮಾತು ನೆನಪಿದ್ದರೂ ಸಾಕು, ಈ ಪುಸ್ತಕದ ಪ್ರಕಾಶಕರ ಮೂಲಕ ನನಗೊಂದು ಕಾಗದ ಬರೆಯಿರಿ.