ನೊರೆಗಿಂಡಿ

ಗಡ್ಡ ಮಾಡಿಕೊಳ್ಳುವಾಗ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಕೆಲಸ. ಗೋಡೆ ಕಟ್ಟು ಅನ್ನಿ, ಕಟ್ಟುತ್ತೇನೆ. ಬಾವಿಗಿಳಿ ಅನ್ನಿ, ಇಳಿಯುತ್ತೇನೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ನಿಂತವನು ನಾನು. ಬಸವನ ಬಾಗೇವಾಡಿಯಲ್ಲಿ ನಾನು ಕಟ್ಟಿದ ಒಂದು ಗೋಡೆಯೂ ಇದುವರೆಗೆ ಹೊಟ್ಟೆ ಬಿಟ್ಟಿಲ್ಲವೆಂದು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಬೆಳಿಗ್ಗೆ ಕಿಟಕಿಯ ಸರಳಿಗೆ ಕನ್ನಡಿ ಸಿಗಿಸಿ, ಕಟ್ಟೆಯ ಮೇಲೆ ಕೂತು ಮುಖಕ್ಕೆ ಸೋಪು ಹಚ್ಚಿದೆನೆಂದರೆ, ದಾರಿಯಲ್ಲಿ ಹೋಗುವವರೆಲ್ಲ ನನಗೆ ಬೇಕು. ಒಬ್ಬನ ಎಮ್ಮೆ ಕರು ಹಾಕಿತೇ, ಇನ್ನೊಬ್ಬನ ಮನೆಯ ಛತ್ತು ಸೋರುತ್ತದೆಯೇ, ಎಲ್ಲವನ್ನೂ ಆಗಲೇ ಕೇಳಬೇಕು.

ತೊಂದರೆ ಇರುವುದು ನೊರೆಯಲ್ಲಿ. ನೊರೆಯೂ ಸಿಮೆಂಟೂ ಒಂದೇ ಜಾತಿ. ನೀರು ಹಾಕಿ ಕಲಸಿದ ಮೇಲೆ ಯಾರ ಮಾತು ಮುಗಿಯಲೆಂದೂ ಕಾಯುವುದಿಲ್ಲ. ಅದರಲ್ಲೂ ನಮ್ಮ ಕಡೆಯ ಮಾಗಿಯ ಗಾಳಿ ಒಣ ಗಾಳಿ. ಎಡಗೆನ್ನೆ ಮುಗಿಸಿ, ಒಬ್ಬನಿಗೆ ಕಡಲೆಯ ಧಾರಣೆ ಕೇಳಿ, ಬಲಗೆನ್ನೆಗೆ ಬರುವಷ್ಟರಲ್ಲಿ ಅಲ್ಲಿರುವುದು ನೊರೆಯಲ್ಲ, ಸುಣ್ಣದ ಚಕ್ಕೆ. ಅದರ ಮೇಲೆ ಬ್ಲೇಡು ಎಳೆದರೆ ಹಳೇ ಗೋಡೆಯ ಗಿಲಾವು ಕೆರೆದಂಥ ಸದ್ದು. ಸೋಮವಾರ ಒಂದು ದಿನ ಮಾತ್ರ ಆರಾಮ. ಅಂದು ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲಿಗೂ ಬಿಡುವು, ನನ್ನ ಗಲ್ಲಕ್ಕೂ ಬಿಡುವು.

ಈ ಸಂಕಟಕ್ಕೆ ಪರಿಹಾರ ಸಿಕ್ಕಿದ್ದು ಪುಣೆಯಲ್ಲಿ. ಅಲ್ಲಿ ಹಳೆಯ ಬಂಗಲೆಯೊಂದರ ರಿಪೇರಿಗೆ ಹೋಗಿದ್ದೆ. ಮನೆಯ ಯಜಮಾನತಿ ಮುದುಕಿ ಕಸಕ್ಕೆ ಹಾಕಲು ತೆಗೆದ ಸಾಮಾನಿನೊಳಗಿಂದ ಒಂದು ಪಿಂಗಾಣಿ ಪಾತ್ರೆ ಎತ್ತಿ, "ನಮ್ಮ ಮಾವನವರದು, ನಿನಗೆ ಬೇಕೇನು?" ಎಂದರು. ನೋಡಿದರೆ ಚಹಾದ ಕಿಟ್ಲಿಯೊಂದು ತಲೆಯ ಮೇಲೆ ಬಟ್ಟಲು ಹೊತ್ತುಕೊಂಡು ಸಂತೆಗೆ ಹೊರಟಂತಿತ್ತು. ಕೆಳಗೆ ಟೊಳ್ಳು ಹೊಟ್ಟೆ, ಮಗ್ಗುಲಲ್ಲಿ ಬ್ರಷ್ಷು ಇಳಿಯುವಷ್ಟು ಅಗಲದ ಮೂತಿ. ಹೊಟ್ಟೆಗೆ ಬಿಸಿನೀರು ಹೊಯ್ದು ಬಟ್ಟಲಿನಲ್ಲಿ ಸೋಪು ಕಲಸಿದರೆ, ಕೆಳಗಿನ ಬಿಸಿಗೆ ಮೇಲಿನ ನೊರೆ ಬೆಚ್ಚಗಿರುತ್ತದೆ. ಇಷ್ಟೇ ಅದರ ಇಂಜಿನಿಯರಿಂಗು. ಮಾತುಗಾರ ಗಂಡಸರಿಗಾಗಿಯೇ ಯಾವನೋ ಪುಣ್ಯಾತ್ಮ ಮಾಡಿದ್ದು.

ಅದನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ತಂದೆ. ಅವ್ವ ತಿರುಗಿಸಿ ಮುರುಗಿಸಿ ನೋಡಿ, "ಛಲೋ ಗಿಂಡಿ ಐತಿ ಬಿಡೊ. ಥಂಡ್ಯಾಗ ಹಾಲು ಹೆಪ್ಪಾಗೂದಿಲ್ಲ, ಇದರಾಗ ಮೊಸರು ಮಾಡೂಣು" ಎಂದಳು. "ಇದು ಗಡ್ಡದ್ದು ಬೇ!" ಎಂದು ಕಿತ್ತುಕೊಂಡೆ. ಆದರೂ ಗಿಂಡಿ ಎಂಬ ಹೆಸರು ಅಂಟಿಕೊಂಡಿತು. ನನ್ನ ತಂಗಿ ನೀಲಾ ಅದಕ್ಕೆ ನೊರೆ ಸೇರಿಸಿ ನೊರೆಗಿಂಡಿ ಎಂದಳು. ಅಂದಿನಿಂದ ನನ್ನ ಬಲಗೆನ್ನೆಗೂ ಒಳ್ಳೆಯ ದಿನಗಳು ಬಂದವು.

ನೀಲಾಳ ವಿಷಯ ಇಲ್ಲೇ ಹೇಳಿಬಿಡಬೇಕು. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ಹೆಗಲ ಮೇಲಿತ್ತು. ಹುಡುಗಿ ಚುರುಕು, ನೋಡಲು ಬಂದವರು ಅವಳನ್ನು ಬಾಯಿಬಡಕಿ ಎನ್ನುತ್ತಿದ್ದರು. ಸಿಂದಗಿ ಕಡೆಯಿಂದ ಬಂದ ಒಬ್ಬರು "ಸೂಜಿಗೆ ದಾರ ಪೋಣಿಸವಾ" ಎಂದದ್ದಕ್ಕೆ ಇವಳು, "ನಿಮ್ಮಂಗಿ ಎಲ್ಲೆ ಹರದೈತ್ರಿ?" ಎಂದು ಕೇಳಿದ್ದಳು. ಅವರು ಉಪ್ಪಿಟ್ಟು ತಿಂದು ಹೋದವರು ತಿರುಗಿ ನೋಡಲಿಲ್ಲ. ಕೊನೆಗೆ ತಂಗಡಗಿಯ ಶಿವಪುತ್ರಪ್ಪ ಎಂಬವರು ತಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತೇವೆಂದು ಎಸ್‌ಟಿಡಿ ಬೂತಿಗೆ ಫೋನು ಮಾಡಿ ಹೇಳಿದರು. ಆಗ ನೀಲಾ ಖಂಡತುಂಡವಾಗಿ, "ಅಣ್ಣಾ, ಇದ ಕಡೇದು. ಇವ್ರೂ ನನ್ನ ಪರೀಕ್ಷಾ ಮಾಡಿದ್ರ, ಮುಂದ ಯಾರು ಬಂದ್ರೂ ನೀನ ಸೀರಿ ಉಟಗೊಂಡು ಕುಂದರು" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ನನಗೆ ಅನ್ನ ಸೇರದಾಯಿತು.

ಬರುತ್ತೇವೆಂದಿದ್ದು ಬುಧವಾರ ಸಂಜೆಗೆ. ಆದರೆ ಶಿವಪುತ್ರಪ್ಪನವರದು ಒಂದು ಪದ್ಧತಿ. ಹೇಳಿದ ಹೊತ್ತಿಗೆ ಹೋದರೆ ಮನೆ ಸಿಂಗಾರವಾಗಿರುತ್ತದೆ, ಹೇಳದ ಹೊತ್ತಿಗೆ ಹೋದರೆ ನಿಜವಾದ ಮನೆ ಕಾಣುತ್ತದೆ ಎಂದು ನಂಬಿದವರು. ನಸುಕಿನಲ್ಲೇ ಎದ್ದು, ಮುದ್ದೇಬಿಹಾಳದಿಂದ ಮೊದಲ ಬಸ್ಸು ಹಿಡಿದು, ಮಗನನ್ನೂ ಇಬ್ಬರು ಸಂಬಂಧಿಕರನ್ನೂ ಕಟ್ಟಿಕೊಂಡು ಬೆಳಿಗ್ಗೆಯೇ ನಮ್ಮ ಕಟ್ಟೆಯ ಮುಂದೆ ನಿಂತರು. ನಿಜವಾದ ಮನೆ ಎಡಗೆನ್ನೆ ಬೋಳಿಸಿಕೊಂಡು, ಬಲಗೆನ್ನೆ ತುಂಬ ನೊರೆ ಬಳಿದುಕೊಂಡು ಕೂತಿತ್ತು.

"ಗೌಂಡಿಗಳಂದ್ರ ನೀವ ಏನ್ರಿ?" ಎಂದರು.

"ಹೌದ್ರಿ. ಸದ್ಯಕ್ಕ ಅರ್ಧಾ" ಎಂದೆ.

ನೀರಿನ ತಂಬಿಗೆ ಕೊಡಲು ಏಳುತ್ತಿದ್ದಂತೆ ಒಳಗಿನಿಂದ ಅವ್ವನ ದನಿ: "ಏ, ಕ್ಷೌರದ ಮೈಲೆ ಬೀಗರಿಗೆ ನೀರ ಕೊಡಬ್ಯಾಡೊ! ಜಳಕಾ ಮಾಡು ಮೊದಲ!" ಹೀಗಾಗಿ ತಂಬಿಗೆಯನ್ನು ಅವ್ವನೇ ತಂದಳು, ನಾನು ಕೂತಲ್ಲೇ ಮಾತಾಡಿಸುತ್ತ ಹೋದೆ. ನದಿಯ ನೀರು, ತೊಗರಿ, ಅವರೂರಿನ ರಸ್ತೆ ಎಲ್ಲ ಆಯಿತು. ಆಮೇಲೆ ಬ್ರಷ್ಷು ಅದ್ದಿ ಎರಡನೆಯ ಸಲ ನೊರೆ ಹಚ್ಚಿದೆ. ಅದರಿಂದ ಎದ್ದ ಹಬೆಯನ್ನು ಶಿವಪುತ್ರಪ್ಪ ನೋಡಿದರು. ಬಸ್ಸಿನ ಚಳಿಗೆ ಮುಳ್ಳೆದ್ದ ಅವರ ಬಿಳಿಗಡ್ಡ ಒಮ್ಮೆ ಅಲುಗಿತು.

"ಅದರಾಗ ಬೆಂಕಿ ಐತೇನ್ರಿ?"

ತಂಗಿಯ ಮದುವೆ ಕೂದಲೆಳೆಯಲ್ಲಿ ನೇತಾಡುತ್ತಿರುವಾಗ ಬುದ್ಧಿ ಇದ್ದವನು ಮಾತು ಬದಲಿಸುತ್ತಿದ್ದ. ನಾನು ಗಿಂಡಿಯನ್ನು ಅವರ ಮೂಗಿನ ಹತ್ತಿರ ಹಿಡಿದು, ಹೊಟ್ಟೆ, ಮೂತಿ, ಬಟ್ಟಲು ಎಲ್ಲ ವಿವರಿಸಿ, "ಬೇಕಾದ್ರ ಒಂದ ಕೈ ನೋಡ್ರಿ" ಎಂದುಬಿಟ್ಟೆ. ಅವರು ಪಟಕಾ ತೆಗೆದು ಪಕ್ಕಕ್ಕಿಟ್ಟು ಕೂತೇಬಿಟ್ಟರು. ಮೊದಲ ನೊರೆ ಬೀಳುತ್ತಲೇ ಕಣ್ಣು ಮುಚ್ಚಿ, "ಆಹಾಹಾ, ಶಿವಾ!" ಎಂದರು. ಹಿರಿಯರದು ಆದ ಮೇಲೆ ಸಂಬಂಧಿಕರನ್ನು ಬಿಡಲಾದೀತೇ? ಅಂಗಡಿಯಿಂದ ಹೊಸ ಬ್ಲೇಡು ತರಿಸಿದೆ. ಅವ್ವ ಹಂಡೆಯಿಂದ ಬಿಸಿನೀರು ತಂದು ಗಿಂಡಿಯ ಮೂತಿಗೆ ಹೊಯ್ಯುತ್ತಲೇ ಇದ್ದಳು, ನನ್ನನ್ನು ಬಯ್ಯುತ್ತಲೂ ಇದ್ದಳು.

ಕೊನೆಯ ಸರದಿ ಹುಡುಗನದು. ಹೆಸರು ಮಲ್ಲಪ್ಪ, ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಗದ್ದದ ಹತ್ತಿರ ಕಚಕ್ಕನೆ ಕೊಯ್ದುಕೊಂಡ. ರಕ್ತ ನಿಲ್ಲಲೆಂದು ಪಟಿಕದ ತುಂಡು ತಂದವಳು ನೀಲಾ. ಸೀರೆಯಿಲ್ಲ, ಸಿಂಗಾರವಿಲ್ಲ, ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಇದ ಮೊದಲನೇ ಸಲಾನೇನ್ರಿ ಗಡ್ಡಾ ಮಾಡ್ಕೊಳ್ಳೂದು?" ಎಂದಳು.

"ಅಲ್ರಿ. ನೀವು ಬಾಗಲದಾಗ ನಿಂತ ನೋಡಾಕತ್ತಿದ್ರಿ" ಎಂದ ಅವನು.

ಅವಳು ನಕ್ಕಳು. ಅವನು ಮತ್ತೊಂದು ಕಡೆ ಕೊಯ್ದುಕೊಂಡ.

ಈಗ ಬಂತು ನಿಜವಾದ ಫಜೀತಿ. ಕ್ಷೌರವಾದವರು ಜಳಕ ಮಾಡದೆ ಒಳಗೆ ಬರುವಂತಿಲ್ಲ. ನಾನೂ ಸೇರಿ ಅಷ್ಟೂ ಗಂಡಸರು ಮಿಂದು, ತಲೆ ಒರೆಸಿಕೊಂಡು, ನನ್ನ ಧೋತರಗಳನ್ನೇ ಸುತ್ತಿಕೊಂಡು ಪಡಸಾಲೆಯಲ್ಲಿ ಕೂರುವ ಹೊತ್ತಿಗೆ ಹನ್ನೆರಡು ಬಡಿಯುವುದರಲ್ಲಿತ್ತು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಸೂಜಿ ಇಲ್ಲ, ದಾರ ಇಲ್ಲ, ನಡೆದು ತೋರಿಸುವುದಿಲ್ಲ. ಶಿವಪುತ್ರಪ್ಪ ಗಡಿಯಾರ ನೋಡಿ ಗಡಿಬಿಡಿಯಿಂದ, "ಹೆಸರೇನವಾ?" ಎಂದರು. "ನೀಲಾ ಅಂತಾರ್ರಿ" ಎಂದಳು. "ಛಲೋ ಐತಿ" ಎಂದರು. ಪರೀಕ್ಷೆ ಮುಗಿಯಿತು.

ಹೊರಡುವಾಗ ಅವರು ಕಟ್ಟೆಯ ಮೇಲಿದ್ದ ಗಿಂಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಗೌಂಡಿಗಳ, ನಮಗ ಕೊಡೂದು ತಗೊಳ್ಳೂದು ಏನೂ ಬ್ಯಾಡ. ಹುಡುಗಿ ಜೋಡಿ ಇದೊಂದು ಕಳಸ್ರಿ ಸಾಕು."

ನನ್ನ ಬಲಗೆನ್ನೆ ತಾನಾಗಿಯೇ ಚುರ್ ಎಂದಿತು. ಮಾಗಿ ಇನ್ನೂ ಉದ್ದವಿತ್ತು. ಒಂದು ಕಡೆ ಒಡಹುಟ್ಟಿದವಳು, ಇನ್ನೊಂದು ಕಡೆ ಬೆಚ್ಚಗಿನ ನೊರೆ. ಬಾಗಿಲ ಹಿಂದಿನಿಂದ ಪಿಸುಮಾತು ಬಂತು: "ಅಣ್ಣಾ, ವಿಚಾರ ಮಾಡಾಕತ್ತೀಯೇನು?"

"ಸ್ವಲ್ಪ ತಡಿ" ಎಂದೆ. ಬೆನ್ನಿಗೆ ಗುದ್ದು ಬಿತ್ತು. ಗಿಂಡಿ ಕೊಟ್ಟೆ.

ಮದುವೆಯಾಯಿತು. ನಾನು ಮತ್ತೆ ಅಲ್ಯುಮಿನಿಯಂ ಬಟ್ಟಲಿಗೂ ಸುಣ್ಣದ ಚಕ್ಕೆಗೂ ಹಿಂತಿರುಗಿದೆ. ಗಡ್ಡ ಮಾಡಿಕೊಳ್ಳುವಾಗ ಸುಮ್ಮನಿರಲು ಕಲಿಯಬಹುದಿತ್ತು. ಅಷ್ಟು ಕೆಳಗಿಳಿಯಲು ಮನಸ್ಸು ಬರಲಿಲ್ಲ. ಮುಂದಿನ ಮಾಗಿಯಲ್ಲಿ ತಂಗಿಯನ್ನು ನೋಡಲು ತಂಗಡಗಿಗೆ ಹೊರಟಾಗ, ನಿಜ ಹೇಳುತ್ತೇನೆ, ಗಿಂಡಿಯನ್ನು ನೆನೆದು ಬೇಕೆಂದೇ ಗಡ್ಡ ಬಿಟ್ಟುಕೊಂಡು ಹೋಗಿದ್ದೆ.

ಬೆಳಿಗ್ಗೆ ತಲುಪಿದರೆ ಬೀಗರು ಕಟ್ಟೆಯ ಮೇಲೆ ಕೂತಿದ್ದಾರೆ. ಎಡಗೆನ್ನೆ ಬೋಳು, ಬಲಗೆನ್ನೆಯ ಮೇಲೆ ಒಣಗಿದ ಚಕ್ಕೆ. ಮುಂದೆ ಒಂದು ಸಾದಾ ಸ್ಟೀಲಿನ ಬಟ್ಟಲು.

"ಗಿಂಡಿ ಎಲ್ಲೈತ್ರಿ ಬೀಗರ?"

"ನಿಮ್ಮ ತಂಗೀನ್ನ ಕೇಳ್ರಿ! ಅಣ್ಣ ಬರ್ತಾನಂತ ಅದರಾಗ ಹಾಲು ಹೆಪ್ಪ ಹಾಕ್ಯಾಳ. ಮಾವನ ಗಲ್ಲದ ಚಿಂತಿ ಯಾರಿಗೈತಿ?"

ಒಳಗೆ ನೀಲಾ ಬಿಸಿ ರೊಟ್ಟಿಯ ಮಗ್ಗುಲಿಗೆ ಗಿಂಡಿಯನ್ನೇ ತಂದಿಟ್ಟಳು. ಚಮಚ ನೆಟ್ಟೆ, ಗೂಟದ ಹಾಗೆ ನಿಂತಿತು. ಇಷ್ಟು ಗಟ್ಟಿಯಾಗಿ ನಾನು ಸಿಮೆಂಟನ್ನೂ ಕೂರಿಸಿಲ್ಲ. ಸೋಪಿನ ವಾಸನೆ ಎಲ್ಲಿಯೂ ಇಲ್ಲ. ಎಷ್ಟು ಸಲ ತಿಕ್ಕಿ ತೊಳೆದಿದ್ದಳೋ. ಅವ್ವ ಹೇಳಿದ್ದೇ ಸರಿ, ನಾನು ಅಷ್ಟು ದಿನ ಮೊಸರಿನ ಪಾತ್ರೆಯಲ್ಲಿ ಗಡ್ಡ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಹೊರಗಿನಿಂದ ಬೀಗರ ದನಿ ಬಂತು: "ಗೌಂಡಿಗಳ, ಗಿಂಡಿ ಖಾಲಿ ಆತೇನ್ರಿ?"

ನಾನು ಇನ್ನೊಂದು ರೊಟ್ಟಿ ಮುರಿದುಕೊಂಡೆ.

"ಸದ್ಯಕ್ಕ ಅರ್ಧಾ ಆಗೈತ್ರಿ."