ಹೋಗಿ ಮಾತಾಡ್ಸು ಎಂದವಳು ನಾನೇ

ಮೂರು ವರ್ಷದ ಹಿಂದೆ ನಾನು ಸಿಡ್ನಿಯ ಮಕ್ಕಳ ಕೋರ್ಟಿನಲ್ಲಿ ವಾಲಂಟಿಯರ್ ಆಗಿದ್ದೆ. ಮನೆಯಲ್ಲಿ ಹೊಡೆತ ತಿಂದ, ಯಾರೂ ಸರಿಯಾಗಿ ನೋಡಿಕೊಳ್ಳದ ಮಕ್ಕಳ ಜೊತೆ ಕೂರುವುದು, ಅವರ ಮನಸ್ಸಿನಲ್ಲಿರುವುದನ್ನು ಅವರ ಲಾಯರ್‌ಗೆ ಮುಟ್ಟಿಸುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಹೊಟ್ಟೆಪಾಡಿಗೆ ಒಂದು ಚೈಲ್ಡ್‌ಕೇರ್‌ನ ಅಡುಗೆಮನೆಯಲ್ಲಿ ಕೆಲಸ. ಕೋರ್ಟಿಗೆ ಕನ್ನಡ ಬರುವವರು ಬೇಕಿತ್ತು, ತರಬೇತಿ ಕೊಟ್ಟು ಸೇರಿಸಿಕೊಂಡರು. ಬ್ಯಾಡ್ಜ್ ಹಾಕಿಕೊಂಡ ದಿನ ಕನ್ನಡಿಯ ಮುಂದೆ ಎರಡು ಸಲ ನಿಂತಿದ್ದೆ.

ಅನುಗೆ ಒಂಬತ್ತು ವರ್ಷ, ಹೆಸರು ಬದಲಿಸಿದ್ದೇನೆ. ಮನೆ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ. ಅಪ್ಪ ಬೆಲ್ಟಿನಲ್ಲಿ ಹೊಡೆದ ಗುರುತು ನೋಡಿ ಸ್ಕೂಲಿನವರು ದೂರು ಕೊಟ್ಟಿದ್ದರು. ಸದ್ಯಕ್ಕೆ ಎಪ್ಪಿಂಗ್‌ನ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲೇ ಉಳಿಯಬೇಕೋ, ಅಪ್ಪನ ಮನೆಗೆ ಮರಳಬೇಕೋ ಎಂಬುದು ನಾನು ಕೋರ್ಟಿನಲ್ಲಿ ಅವಳ ಜೊತೆ ಕೂತ ಆ ದಿನ ತೀರ್ಮಾನವಾಗಬೇಕಿತ್ತು.

"ಚಿಕ್ಕಿ ಮಾಡೋ ದೋಸೆ ಟೆರಿಬಲ್ ಆಂಟಿ. ಬಟ್ ಐ ವಾಂಟ್ ಟು ಸ್ಟೇ ದೇರ್," ಎಂದಳು.

"ಹಾಗೇ ಲಾಯರ್ ಹತ್ರ ಹೇಳು ಪುಟ್ಟ. ದೋಸೆ ವಿಷ್ಯ ಬಿಟ್ಟು," ಎಂದೆ. ನಕ್ಕಳು.

ಅಷ್ಟರಲ್ಲಿ ಕಾರಿಡಾರಿನಲ್ಲಿ ಅವಳ ಅಪ್ಪ ಬಂದರು. ಇಸ್ತ್ರಿ ಮಾಡಿದ ಶರ್ಟು, ಮೆಲುದನಿ. "ನಮಸ್ಕಾರ ಮೇಡಂ. ಯಾವ ಊರ ಕಡೆಯವರು ತಾವು?"

"ಚನ್ನಪಟ್ಟಣ," ಎಂದೆ. ಹಿಂದೆಯೇ, ಬಂಧುಗಳ ಮನೆಯಲ್ಲಿ ಕೂತವಳಂತೆ, ಬಾಯಿಗೆ ಬಂದುಬಿಟ್ಟಿತು: "ಅನು, ಅಪ್ಪ ಬಂದ್ರು ನೋಡು. ಎದ್ದು ಹೋಗಿ ಮಾತಾಡ್ಸು."

ಹೊಡೆದವರ ಹತ್ತಿರ ಮಗುವನ್ನು ಕಳಿಸುವುದು ತರಬೇತಿಯಲ್ಲಿ ಮಾಡಲೇಬಾರದು ಎಂದಿದ್ದ ಕೆಲಸ. ಮಗು ಎದ್ದು ಹೋಯಿತು. ಹತ್ತು ನಿಮಿಷದ ಮೇಲೆ ತನ್ನ ಲಾಯರ್ ಹೆಲೆನ್‌ಗೆ, "ಐ ವಾಂಟ್ ಟು ಗೋ ಹೋಮ್," ಎಂದಿತು. ನನ್ನತ್ತ ನೋಡಲಿಲ್ಲ.

ನನಗೊಬ್ಬ ತಮ್ಮನಿದ್ದಾನೆ, ರವಿ. ಈಗ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿದ್ದಾನೆ. ಚಿಕ್ಕಂದಿನಲ್ಲಿ ಅಪ್ಪ ಅವನನ್ನು ಬಡಿದಾಗಲೆಲ್ಲ ನಾನೇ ರಟ್ಟೆ ಹಿಡಿದು ಎಳೆದೊಯ್ದು, "ಕಾಲಿಗೆ ಬೀಳು" ಎನ್ನುತ್ತಿದ್ದೆ. ಅವನ ತಪ್ಪಿಲ್ಲವೆಂದು ಗೊತ್ತಿರುತ್ತಿತ್ತು. ಮನೆ ತಣ್ಣಗಾದರೆ ನನಗೆ ಸಾಕಿತ್ತು. ಅನು ತಲೆ ತಗ್ಗಿಸಿ ನಡೆದದ್ದು ಅವನ ಹಾಗೆಯೇ.

ವಿಚಾರಣೆಗೆ ಒಳಗೆ ಹೊರಟಿದ್ದ ಹೆಲೆನ್‌ಗೆ ಬಾಗಿಲಲ್ಲೇ ಅಡ್ಡ ನಿಂತೆ. ಹರಕು ಇಂಗ್ಲಿಷಿನಲ್ಲಿ ಹೇಳಿದೆ: ಇದು ಮಗುವಿನ ಮಾತಲ್ಲ, ಅಪ್ಪನ ಹತ್ತಿರ ಕಳಿಸಿದವಳು ನಾನು.

"ಬರೆದುಕೊಡ್ತೀರಾ? ನಿಮ್ಮನ್ನ ಈ ಕೆಲಸದಿಂದ ತೆಗೆಯಬಹುದು," ಎಂದರು.

ಅರ್ಧ ಪುಟ ಬರೆದೆ. ಸ್ಪೆಲಿಂಗ್ ಎಷ್ಟು ತಪ್ಪಿತ್ತೋ. ಅದನ್ನು ಓದಿದ ಮ್ಯಾಜಿಸ್ಟ್ರೇಟ್ ವಿಚಾರಣೆಯನ್ನು ಮಧ್ಯಾಹ್ನಕ್ಕೆ ಮುಂದೂಡಿದರು. ಬೇರೊಬ್ಬ ಕಾರ್ಯಕರ್ತೆ ಅನುವನ್ನು ಪ್ರತ್ಯೇಕ ಕೋಣೆಯಲ್ಲಿ ಮಾತಾಡಿಸಿದರು. ಬೆಳಿಗ್ಗೆ ನನಗೆ ಹೇಳಿದ್ದನ್ನೇ ಅಲ್ಲಿಯೂ ಹೇಳಿದಳು. ಚಿಕ್ಕಮ್ಮನ ಮನೆಯಲ್ಲೇ ಉಳಿದಳು.

ಆ ಕೇಸಿನಿಂದ ನನ್ನನ್ನು ತೆಗೆದರು, ಮತ್ತೆ ತರಬೇತಿಗೆ ಕಳಿಸಿದರು. ಬೇಸರವಿಲ್ಲ. ನಾನು ಬರೆದದ್ದರಲ್ಲಿ ನನಗೆ ಹೆಮ್ಮೆ ಇರುವುದು ಆ ಅರ್ಧ ಪುಟದ ಬಗ್ಗೆ ಮಾತ್ರ.

ಅದೇ ವಾರ ರವಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಈಗ ಗೊತ್ತಾಯ್ತಾ ಅಕ್ಕ?" ಎಂದ. ಹೌದು ಕಣೋ ಎಂದೆ. ಅವನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಕ್ಷಮಿಸು ಎಂದು ನಾನು ಒತ್ತಾಯಿಸುವುದೂ ಇಲ್ಲ. ಮನೆ ತಣ್ಣಗಿರಲೆಂದು ನೊಂದ ಮಗುವನ್ನು ಬಗ್ಗಿಸಬಾರದು, ಬಗ್ಗಿಸಿದ್ದರೆ ಅದರ ಭಾರ ಮಗುವಿನ ಮೇಲೆ ಬೀಳುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.