ಮುಂದಿನ ಕಾರ್ಡ್ ಬರುವ ತನಕ

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ ದುರ್ಗೇಶನ ಎಡಿಟಿಂಗ್ ಸ್ಟುಡಿಯೊ ಇತ್ತು. ಸ್ಟುಡಿಯೊ ಎಂದರೆ ಒಂದು ಕೋಣೆ, ಎರಡು ಮಾನಿಟರ್, ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ. ಹಾವೇರಿ, ಬ್ಯಾಡಗಿ ಕಡೆಯ ಫೋಟೊಗ್ರಾಫರುಗಳು ಮದುವೆ, ಬಸುರಿಯರ ಕುಬಸ, ಮನೆ ಓಪನಿಂಗ್‌ಗಳ ವಿಡಿಯೊ ತಂದು ಅವನಿಗೆ ಒಪ್ಪಿಸಿ ಹೋಗುತ್ತಿದ್ದರು. ಅವನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ, ಹಾಡು ಕೂಡಿಸಿ ಕೊಡುತ್ತಿದ್ದ. ಕೆಲಸ ಚೊಕ್ಕ. ಆದರೆ ಅವನ ಜೀವವೆಲ್ಲ ಇದ್ದದ್ದು ಕಂಪ್ಯೂಟರಿನ ಡಬ್ಬಿಯೊಳಗೆ ಕೂರುವ ಗ್ರಾಫಿಕ್ಸ್ ಕಾರ್ಡಿನ ಮೇಲೆ.

ಪರದೆಯ ಮೇಲೆ ಚಿತ್ರ ಮೂಡಿಸುವ ಭಾರವನ್ನೆಲ್ಲ ಹೊರುವುದು ಆ ಕಾರ್ಡು. ಎರಡು ವರ್ಷಕ್ಕೊಮ್ಮೆ ಅದರ ಹೊಸ ಪೀಳಿಗೆ ಹುಟ್ಟುತ್ತದೆ, ಹಿಂದಿನದು ಹಳತಾಗುತ್ತದೆ. ಮುಂದೆ ಬರುವುದರಲ್ಲಿ ಮೆಮೊರಿ ಎಷ್ಟಿರುತ್ತದೆ, ಬೆಳಕು ನೆರಳುಗಳನ್ನು ಎಷ್ಟು ಬೇಗ ಲೆಕ್ಕ ಹಾಕುತ್ತದೆ ಎಂಬ ಸುದ್ದಿಯನ್ನು ದುರ್ಗೇಶ ಊಟದ ತಾಟಿನ ಮುಂದೆ ಕೂತೂ ಓದುತ್ತಿದ್ದ. ಯಾರಾದರೂ ಬಂದು ಯಾವ ಕಾರ್ಡ್ ತೆಗೆದುಕೊಳ್ಳಲಿ ಎಂದು ಕೇಳಿದರೆ, "ಈಗ ಬ್ಯಾಡ್ರಿ, ಸ್ವಲ್ಪ ತಡೀರಿ, ಮುಂದಿಂದು ಬರಾಕತ್ತೈತಿ" ಎನ್ನುತ್ತಿದ್ದ. ತಾನೂ ಹಾಗೇ ತಡೆದುಕೊಂಡೇ ಇದ್ದ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನ ಹತ್ತಿರ ಫೋಟೊ ಸ್ಟುಡಿಯೊ ಇಟ್ಟಿದ್ದ ಗೆಳೆಯ ತೌಹೀದ ನಗುತ್ತಿದ್ದ. "ಬಸ್ಸು ಬಂದು ನಿಂತೈತಿ, ನೀ ಹಿಂದ ಬರೂ ಬಸ್ಸು ಖಾಲಿ ಇರ್ತೈತಿ ಅಂತ ನಿಂತಿ ನೋಡು."

ದುರ್ಗೇಶನ ಹೆಂಡತಿ ಅರುಣಾ ಅವನ ಸೋದರಮಾವನ ಮಗಳೇ. ಆ ಮಾವ ಲಕ್ಷ್ಮಪ್ಪ ಹಲಗೇರಿಯವನು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ವಾಚರ್ ಆಗಿ ದುಡಿದು ನಿವೃತ್ತನಾಗಿದ್ದ. ಬೆಳಗಿನ ಬಸ್ಸಿಗೆ ಪೇಟೆಗೆ ಬಂದು, ಮಗಳ ಮನೆಯಲ್ಲಿ ಚಹಾ ಕುಡಿದು, ಅಳಿಯನ ಸ್ಟುಡಿಯೊದಲ್ಲಿ ಕೂತು ಹೊತ್ತು ಕಳೆಯುವುದು ಅವನ ರೂಢಿ. ಯಾರ್ಯಾರದೋ ಮದುವೆಗಳನ್ನು ನೋಡುತ್ತ, ಸೀರೆ ಚೆಂದ, ಪೆಂಡಾಲು ಚೆಂದ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಕೆಲಸವಿಲ್ಲದ ಹೊತ್ತಿನಲ್ಲಿ ಮಾತು ಎರೆಭೂತದ ಕಡೆ ಹೊರಳಿತು. ಎರೆಭೂತ ಎಂದರೆ ಆಳಿನ ಎದೆಯೆತ್ತರದ ಹಕ್ಕಿ. ಒಂದು ಕಾಲಕ್ಕೆ ಧಾಮದ ಹುಲ್ಲುಗಾವಲಿನಲ್ಲಿ ಓಡಾಡುತ್ತಿತ್ತು. ಹುಲ್ಲಿನ ಜಾಗದಲ್ಲಿ ನೀಲಗಿರಿ ಎದ್ದಿತು, ಹಕ್ಕಿ ಕಡಿಮೆಯಾಯಿತು. ಕೊನೆಗೆ ಒಂದೇ ಒಂದು ಗಂಡು ಉಳಿದದ್ದನ್ನು ಲಕ್ಷ್ಮಪ್ಪ ಕಂಡಿದ್ದ. ಮಳೆಗಾಲ ಹಿಡಿದೊಡನೆ ಅದು ಒಂದೇ ದಿಬ್ಬಕ್ಕೆ ಬಂದು, ಕುತ್ತಿಗೆಯ ಚೀಲ ಉಬ್ಬಿಸಿ, ಬಾಲ ಎತ್ತಿ ಕುಣಿಯುತ್ತಿತ್ತಂತೆ. ನೋಡಲಿಕ್ಕೆ ಹೆಣ್ಣು ಹಕ್ಕಿಯೇ ಇರಲಿಲ್ಲ. ಅದರ ಒಂದು ರೆಕ್ಕೆ ಸ್ವಲ್ಪ ಜೋತು ಬಿದ್ದಿತ್ತು. ಒಂದು ಮಳೆಗಾಲ ಅದೂ ಬರಲಿಲ್ಲ.

"ಅದನ್ನ ನನ್ನ ಬಿಟ್ರ ಬ್ಯಾರೆ ಯಾರೂ ನೋಡಿಲ್ಲ" ಎಂದ ಲಕ್ಷ್ಮಪ್ಪ. "ಫೋಟೊ ತಗಿಯೂಣು ಅಂದ್ರ ನಮ್ಮ ಕೈಯಾಗ ಕೋಲು ಬಿಟ್ರ ಏನಿತ್ತು?"

ದುರ್ಗೇಶ ಹುಬ್ಬಳ್ಳಿಯಲ್ಲಿ ಅನಿಮೇಶನ್ ಕಲಿತವನು. ಮದುವೆಯ ವಿಡಿಯೊದಲ್ಲಿ ವಧೂವರರ ಹೆಸರುಗಳನ್ನು ತಿರುಗಿಸುವುದಕ್ಕೆ ಬಿಟ್ಟರೆ ಆ ವಿದ್ಯೆ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಬಂತು. ರಾಜಸ್ಥಾನದ ಮರಳಿನಲ್ಲಿ ದೂರದಿಂದ ಹಿಡಿದ ಎರೆಭೂತದ ವಿಡಿಯೊಗಳನ್ನು ಹುಡುಕಿ ನೋಡಿ, ಬೂದು ಬಣ್ಣದ ಒಂದು ಒರಟು ಹಕ್ಕಿ ಮಾಡಿದ. ಕಾಲು ಕೋಲಿನಂತೆ, ಮೈ ಗಡಿಗೆಯಂತೆ. ಅದು ಪರದೆಯ ಮೇಲೆ ಹೆಜ್ಜೆ ಹಾಕಿದಾಗ ಲಕ್ಷ್ಮಪ್ಪ ಕುರ್ಚಿಯಿಂದ ಎದ್ದ.

"ಹಂಗ ನಡೀತಿದ್ದಿಲ್ಲ. ಕಾಲು ಇಡೂದ್ರಾಗ ಸೊಕ್ಕಿತ್ತು ಅದಕ್ಕ" ಎಂದು ತಾನೇ ಧೋತರ ಎತ್ತಿ ಹಿಡಿದು ಕೋಣೆಯ ಉದ್ದಕ್ಕೂ ನಡೆದು ತೋರಿಸಿದ. ಕುತ್ತಿಗೆ ಹಿಂದಕ್ಕೆ ಎಳೆದ, ಎದೆ ಉಬ್ಬಿಸಿದ, ಒಂದು ತೋಳು ಇಳಿಬಿಟ್ಟ. ದುರ್ಗೇಶ ಅದನ್ನು ನೋಡಿ ನೋಡಿ ತಿದ್ದಿದ. ಹೀಗೆ ಸಂಜೆಗಳು ಸಾಗಿದವು. ಅರುಣಾ ಚಹಾದ ಥರ್ಮಾಸು ಹಿಡಿದು ಮೇಲೆ ಬಂದರೆ, ಅಪ್ಪ ಹಕ್ಕಿಯಾಗಿ ನಿಂತಿರುತ್ತಿದ್ದ, ಗಂಡ ಕಣ್ಣು ಕಿರಿದು ಮಾಡಿ ನೋಡುತ್ತಿರುತ್ತಿದ್ದ. ಅವಳಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಆ ಮನೆಯವರ ಒಳ್ಳೆಯ ದಿನಗಳೆಂದರೆ ಅವೇ.

ನಡಿಗೆ ಕೂಡಿಬಂದ ಮೇಲೆ ಲಕ್ಷ್ಮಪ್ಪ, "ಇಷ್ಟಾತಲ್ಲ, ಸಾಕು. ಹಲಗೇರಿ ಸಾಲಿ ಹುಡುಗರಿಗೆ ತೋರಸೂಣು" ಎಂದ.

ದುರ್ಗೇಶ ಒಪ್ಪಲಿಲ್ಲ. ಗರಿ ಆಗಬೇಕಿತ್ತು. ಒಂದೊಂದು ಗರಿಯೂ ಬೇರೆ ಬೇರೆಯಾಗಿ ಗಾಳಿಗೆ ಅಲುಗಬೇಕಿತ್ತು, ದಿಬ್ಬದ ತುಂಬ ಹುಲ್ಲು ಮಳೆಗೆ ಬಾಗಬೇಕಿತ್ತು. ಅವನ ಕಾರ್ಡಿಗೆ ಅದು ಹೊರಲಾರದ ಹೊರೆ. ಅರ್ಧ ಗರಿ ಹಚ್ಚುವಷ್ಟರಲ್ಲಿ ಮಷೀನು ಬಿಸಿಯಾಗಿ ತಾನೇ ಆರಿಹೋಗುತ್ತಿತ್ತು.

"ಮುಂದಿನ ಕಾರ್ಡ್ ಬರ್ಲಿ ಮಾಮಾ. ಆಮ್ಯಾಲ ನೋಡೀಯಂತ, ಜೀವಂತ ಬಂದು ನಿಂದರ್ತೈತಿ."

ಮುಂದಿನದು ಬಂದಾಗ ಕೊರೊನಾ ಕಾಲ. ಕಂಪ್ಯೂಟರಿನಲ್ಲೇ ಹುಟ್ಟುವ ಕ್ರಿಪ್ಟೊ ನಾಣ್ಯ ಅಗೆಯುವವರು ಅಂತ ಯಾರೋ ಕಾರ್ಡುಗಳನ್ನು ಸಾರಾಸಗಟಾಗಿ ಎತ್ತಿಕೊಂಡು ಹೋದರು, ಅಂಗಡಿಯಲ್ಲಿ ಕಣ್ಣಿಗೂ ಬೀಳಲಿಲ್ಲ. ಅದು ಸಿಗುವಂತಾದಾಗ ಅದರ ಮುಂದಿನದರ ಸುದ್ದಿ ಬಂದಿತ್ತು. ಇನ್ನೇನು ಬಂದೇ ಬಿಡುತ್ತದೆ, ಈಗ ಹಳೆಯದನ್ನು ಕೊಂಡು ಏನು ಮಾಡುವುದು? ಅದೂ ಬಂತು. ಆದರೆ ಗರಿಯ ಕೆಲಸಕ್ಕೆ ಬೇಕಾದ ಮೆಮೊರಿ ಅದರ ಮುಂದಿನದರಲ್ಲಿ ಇರುತ್ತದೆ ಎಂದು ಬಲ್ಲವರು ಬರೆದರು. ದುರ್ಗೇಶ ಮತ್ತೆ ಕಾದ. ತೌಹೀದ ಮಾತ್ರ ಆವತ್ತು ಅಂಗಡಿಯಲ್ಲಿ ಏನಿತ್ತೋ ಅದನ್ನೇ ಹಾಕಿಸಿಕೊಂಡು, ಮದುವೆ ಮುಗಿಯುವಷ್ಟರಲ್ಲಿ ಛತ್ರದಲ್ಲೇ ವಿಡಿಯೊ ತೋರಿಸತೊಡಗಿದ. ಫೋಟೊಗ್ರಾಫರುಗಳು ಒಬ್ಬೊಬ್ಬರಾಗಿ ಅವನ ಕಡೆ ಹೋದರು. ದುರ್ಗೇಶನ ಮೆಟ್ಟಿಲು ಹತ್ತುವವರು ಕಡಿಮೆಯಾದರು.

ಈ ನಡುವೆ ಒಂದು ಸಂಜೆ, ತಿದ್ದಿದ ನಡಿಗೆಯನ್ನು ನೋಡುತ್ತಿದ್ದ ಲಕ್ಷ್ಮಪ್ಪ ಕೇಳಿದ:

"ಹಕ್ಕಿ ಎಲ್ಲಿ ಹೋತು?"

"ಬಲಕ್ಕ ಐತಲ್ಲ ಮಾಮಾ."

"ಹೌದಲ್ಲ, ಈಗ ಬಂತು. ನಡುವ ಇದ್ದಾಗ ಕಾಣ್ತೈತಿ, ಅಂಚಿಗೆ ಹೋದ್ರ ಮಾಯ ಆಕ್ಕೈತಿ. ನಡುನಡುವ ಜಿಗದಂಗ ಆಕ್ಕೈತಿ."

ದುರ್ಗೇಶನಿಗೆ ಮುಖ ಸುಟ್ಟಂತಾಯಿತು. ಕಾರ್ಡು ಸೋತಾಗ ಚಿತ್ರ ತಡವರಿಸುವುದು, ನಡುವೆ ಚೂರು ಹಾರಿಹೋಗುವುದು ಅವನಿಗೆ ದಿನದ ಗೋಳು. ಮಾವನ ಕಣ್ಣಿಗೂ ಅದೇ ಬಿತ್ತಲ್ಲ ಎಂದುಕೊಂಡ.

"ಅದು ಕಾರ್ಡಿನ ತಪ್ಪು ಮಾಮಾ. ಹಳೇದಾಗೈತಿ, ಅದಕ್ಕ ತಾಳವಲ್ದು. ಹೊಸಾದು ಬಂದ್ರ ಸರಿ ಆಕ್ಕೈತಿ."

"ಹಂಗನ?" ಎಂದು ಲಕ್ಷ್ಮಪ್ಪ ಸಮಾಧಾನದಿಂದ ತಲೆಯಾಡಿಸಿದ. ಅಳಿಯನಿಗೆ ತಿಳಿದ ವಿಷಯ, ಅವನು ಹೇಳಿದ ಮೇಲೆ ಮುಗಿಯಿತು. ಆಮೇಲೂ ಹಕ್ಕಿ ಮಾಯವಾಗುತ್ತಿತ್ತು. ಅವನು ಕುರ್ಚಿಯನ್ನು ಪರದೆಯ ಸಮೀಪ ಎಳೆದುಕೊಂಡ, ಕತ್ತು ಆ ಕಡೆ ಈ ಕಡೆ ತಿರುಗಿಸಿ ಹುಡುಕಿದ, ಮತ್ತೆ ದೂರು ಹೇಳಲಿಲ್ಲ.

ಮಗಳ ಮನೆಯಲ್ಲಿ ಅವನ ಕೈ ತಾಗಿ ಮಗ್ಗುಲಲ್ಲಿದ್ದ ತಂಬಿಗೆ ಉರುಳತೊಡಗಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ವಯಸ್ಸಾಯಿತು ಎಂದುಕೊಂಡಳು ಅರುಣಾ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಿಂದ ಬಂದ ಆಟೊ ಕಾಣದೆ ಲಕ್ಷ್ಮಪ್ಪ ಅದಕ್ಕೆ ಸಿಕ್ಕು ಬಿದ್ದ. ಗಾಯ ದೊಡ್ಡದಾಗಿರಲಿಲ್ಲ. ಆದರೆ ಪಟ್ಟಿ ಕಟ್ಟಿದ ಡಾಕ್ಟರು ಕಣ್ಣು ತೋರಿಸಿರಿ ಎಂದದ್ದರಿಂದ ಮೂವರೂ ಹುಬ್ಬಳ್ಳಿಗೆ ಹೋದರು.

ಅಲ್ಲಿಯ ಕಣ್ಣಿನ ಡಾಕ್ಟರು ಎಳೆಯ ಹೆಣ್ಣುಮಗಳು. ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಈ ಬೇನೆಯಲ್ಲಿ ನೋಟ ಅಂಚಿನಿಂದ ಹೋಗುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು. ಮೊದಲೇ ಬಂದಿದ್ದರೆ ದಿನಾ ಹನಿ ಹಾಕಿ ಉಳಿಸಬಹುದಿತ್ತಂತೆ. "ನಿಮಗ ಮೊದಲ ಏನೂ ಗೊತ್ತಾಗಲಿಲ್ಲೇನ್ರಿ ಅಜ್ಜಾರ?"

"ಗೊತ್ತಾಗಿತ್ರಿ ಬಾಯಾರ" ಎಂದ ಲಕ್ಷ್ಮಪ್ಪ. "ಕಂಪ್ಯೂಟರ್ ಕಾರ್ಡಿಂದು ಅಂತ ತಿಳಕೊಂಡಿದ್ನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದ. ಡಾಕ್ಟರಿಗೆ ಅರ್ಥವಾಗದೆ ದುರ್ಗೇಶನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಅಕ್ಷರಗಳ ಪಟ ನೋಡುತ್ತ ನಿಂತ.

ಮನೆಗೆ ಬಂದು, ಅಪ್ಪ ಮಲಗಿದ ಮೇಲೆ, ಅಡುಗೆಮನೆಯಲ್ಲಿ ನಿಂತು ಅರುಣಾ ಅಂದಳು: "ಕಾಣವಲ್ದು ಅಂತ ಅಪ್ಪ ನನಗ ಹೇಳಿದ್ರ ಅವತ್ತ ಕರಕೊಂಡು ಹೋಗ್ತಿದ್ನಿ. ನಿಮಗ ಹೇಳಿದ." ಅಷ್ಟೇ ಅಂದು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದಳು. ಅವಳು ಬೈದಿದ್ದರೆ ದುರ್ಗೇಶನಿಗೆ ಹಗುರಾಗುತ್ತಿತ್ತು.

ಲಕ್ಷ್ಮಪ್ಪ ಹಲಗೇರಿ ಬಿಟ್ಟು ಮಗಳ ಮನೆಯಲ್ಲೇ ಉಳಿದ. ಕಣ್ಣಿನ ನಡುವೆ ಇನ್ನೂ ಒಂದಿಷ್ಟು ನೋಟ ಉಳಿದಿತ್ತು, ಕೊಳವೆಯಲ್ಲಿ ಇಣುಕಿದಷ್ಟು. ಹನಿ ಹಾಕಿದರೂ ಅದು ಬಹಳ ದಿನ ನಿಲ್ಲದು ಎಂದು ಡಾಕ್ಟರು ಹೇಳಿದ್ದಳು. ಅದು ಆರುವ ಮೊದಲು ಹಕ್ಕಿಯನ್ನು ಮುಗಿಸಿ ತೋರಿಸಬೇಕು ಎಂದು ದುರ್ಗೇಶ ಹಟ ಹಿಡಿದ. ಜನವರಿಯಲ್ಲಿ ಹೊಸ ಪೀಳಿಗೆಯ ಕಾರ್ಡು ಬಂತು. ಈ ಸಲ ಅವನು ಒಂದು ಗಳಿಗೆಯೂ ತಡಮಾಡದೆ ಹುಬ್ಬಳ್ಳಿಯ ಅಂಗಡಿಯಲ್ಲಿ ಹೆಸರು ಬರೆಸಿದ. ಆದರೆ ಮಾಲು ಇಲ್ಲ. ಇವತ್ತು, ನಾಳೆ, ಮುಂದಿನ ಸೋಮವಾರ ಎಂದು ಅಂಗಡಿಯವನು ಹೇಳುತ್ತ ಹೋದ.

"ಇದ್ದದ್ದನ್ನ ತೋರಸ್ರಿ" ಅಂದಳು ಅರುಣಾ. "ಅಪ್ಪಗ ಗರಿ ಯಾಕ ಬೇಕ್ರಿ? ಅಂವಗ ಹಕ್ಕಿ ಕಂಡ್ರ ಸಾಕು."

"ಈ ವಾರ ಬರ್ತೈತಿ. ಅರ್ಧಮರ್ಧ ತೋರ್ಸಿ ಅಂವನ ನೋಟ ಯಾಕ ಹಾಳ ಮಾಡ್ಲಿ?"

ಈ ಮಾತು ಆಡುವಾಗ ತಾನು ಏನು ಆಡುತ್ತಿದ್ದೇನೆ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಕಾಯುವುದನ್ನು ಬಿಡಲಾಗಲಿಲ್ಲ. ಇಷ್ಟು ವರ್ಷ ಕಾದು ಬೂದು ಹಕ್ಕಿಯನ್ನೇ ತೋರಿಸಿದರೆ, ಆ ವರ್ಷಗಳಿಗೆ ಅರ್ಥವೇ ಉಳಿಯುತ್ತಿರಲಿಲ್ಲ.

ಕಾರ್ಡು ಬಂದದ್ದು ಬಿತ್ತನೆಯ ಹೊತ್ತಿಗೆ. ಕೆಳಗಿನ ಬೀಜದ ಅಂಗಡಿಯಲ್ಲಿ ರೈತರ ಗದ್ದಲ. ಇಟ್ಟಿಗೆಗಿಂತ ಭಾರದ ಆ ಕಪ್ಪು ವಸ್ತುವನ್ನು ಕ್ಯಾಬಿನೆಟ್ಟಿಗೆ ಕೂರಿಸಿ ದುರ್ಗೇಶ ಮಷೀನು ಶುರು ಮಾಡಿದ. ಗರಿ ಹಚ್ಚಿದ, ಹುಲ್ಲು ಬೆಳೆಸಿದ, ಮಳೆ ಸುರಿಸಿದ. ಎಲ್ಲಿಯೂ ತಡವರಿಸಲಿಲ್ಲ. ಕುತ್ತಿಗೆಯ ಬಿಳಿ ಗರಿಗಳ ಮೇಲೆ ಹನಿಗಳು ಒಂದೊಂದಾಗಿ ಜಾರಿದವು. ಹಕ್ಕಿ ನಿಜವಾಗಿಯೂ ಎದ್ದು ಬಂದು ನಿಂತಿತ್ತು.

ಅಷ್ಟರಲ್ಲಿ ಲಕ್ಷ್ಮಪ್ಪನಿಗೆ ಹಗಲು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು.

ಆದರೂ ಅರುಣಾ ಅಪ್ಪನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಅವನು ಪರದೆಯ ಕಡೆ ಮುಖ ಮಾಡಿ ಕೂತ. ದುರ್ಗೇಶ ಕಂಡದ್ದನ್ನು ಹೇಳುತ್ತ ಹೋದ: ದಿಬ್ಬ ಹಿಂಗೈತಿ, ಹುಲ್ಲು ಮೊಣಕಾಲತನ ಐತಿ, ಹಕ್ಕಿ ಬಂದು ನಿಂತೈತಿ. ಲಕ್ಷ್ಮಪ್ಪ ಹೂಂ, ಹೂಂ ಎನ್ನುತ್ತಿದ್ದ. ರೆಕ್ಕೆಯ ಹತ್ತಿರ ಬಂದಾಗ ದುರ್ಗೇಶ ತಡೆದ. ಜೋತ ರೆಕ್ಕೆಯನ್ನು ಅವನು ಎಡಕ್ಕೆ ಮಾಡಿದ್ದ. ಮಾವ ಅಭಿನಯಿಸಿ ತೋರಿಸಿದ್ದು ತನಗೆ ಎದುರಾಗಿ ನಿಂತೋ, ಬೆನ್ನು ಕೊಟ್ಟು ನಿಂತೋ ಎಂಬುದು ಈಗ ನೆನಪಿರಲಿಲ್ಲ.

"ಮಾಮಾ, ಅದರ ಯಾವ ರೆಕ್ಕಿ ಜೋತಿತ್ತು? ಎಡದ್ದ, ಬಲದ್ದ?"

ಲಕ್ಷ್ಮಪ್ಪ ಎದ್ದು ನಿಂತ. ಎರಡೂ ತೋಳು ಎತ್ತಿದ. ಎಡದ್ದನ್ನು ಇಳಿಬಿಟ್ಟು ನೋಡಿದ, ಮತ್ತೆ ಎತ್ತಿದ, ಬಲದ್ದನ್ನು ಇಳಿಬಿಟ್ಟ. ಆಮೇಲೆ ಎರಡೂ ಕೈ ಕೆಳಗೆ ಬಿಟ್ಟು ಕುರ್ಚಿ ತಡವಿ ಕೂತ.

"ನೆನಪ ಆಗವಲ್ದು ಅಳ್ಯಾ. ಕಣ್ಣು ಮುಚ್ಚಿದ್ರ ಅಡವ್ಯಾಗಿಂದು ಬರವಲ್ದು. ನೀ ಮಾಡಿದ್ದು ದಿನಾ ನೋಡಿ ನೋಡಿ, ಆ ಬೂದಿ ಬಣ್ಣದ್ದ ಬಂದು ನಿಂದರ್ತೈತಿ. ಖರೇ ಹಕ್ಕಿ ಹೋತು."

ಅರುಣಾ ಅಪ್ಪನ ಬೆನ್ನಿನ ಮೇಲೆ ಕೈ ಇಟ್ಟಳು. ಪರದೆಯ ಮೇಲೆ ಎರೆಭೂತ ಮಳೆಯಲ್ಲಿ ಕುಣಿಯುತ್ತಲೇ ಇತ್ತು. ಅದು ಆ ಹಕ್ಕಿ ಹೌದೋ ಅಲ್ಲವೋ ಹೇಳುವವರು ಇನ್ನು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ದುರ್ಗೇಶ ಮಾನಿಟರ್ ಆರಿಸಿದ.

ಶಾಲೆಯಲ್ಲಿ ತೋರಿಸೋಣ ಎಂದು ತೌಹೀದ ಹೇಳಿದ. ದುರ್ಗೇಶ ಏನೆಂದು ತೋರಿಸಲಿ ಎಂದು ಕೇಳಿದ. ದೀಪಾವಳಿಗೆ ಮುಂಚೆ ದುರ್ಗೇಶ ಕೋಣೆ ಖಾಲಿ ಮಾಡಿದ. ಮಷೀನನ್ನು ಬ್ಯಾಡಗಿಗೆ ಸಾಗಿಸಿ ತೌಹೀದನ ಸ್ಟುಡಿಯೊದಲ್ಲಿ ಇಟ್ಟುಕೊಂಡು ಅಲ್ಲೇ ಎಡಿಟಿಂಗಿಗೆ ಕೂರತೊಡಗಿದ. ಮೆಣಸಿನಕಾಯಿ ಸೀಸನ್ನಿನ ಘಾಟು ಒಳಗೂ ನುಗ್ಗುತ್ತದೆ, ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಕ್ಕಿಯ ಫೈಲನ್ನು ಅವನು ಅಳಿಸಿಲ್ಲ, ತೆರೆದೂ ಇಲ್ಲ.

ಸಂಜೆ ಅವನು ಮನೆಗೆ ಬರುವ ಹೊತ್ತಿಗೆ ಲಕ್ಷ್ಮಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಹೆಜ್ಜೆಯ ಸಪ್ಪಳಕ್ಕೆ, "ಯಾರು? ದುರ್ಗೇಶನಾ? ಊಟ ಮಾಡಿಯೇನು?" ಎನ್ನುತ್ತಾನೆ. ಧಾಮದ ಮಾತು, ಅಡವಿಯ ಮಾತು ಅವನ ಬಾಯಲ್ಲಿ ಈಗ ಬರುವುದಿಲ್ಲ. ದುರ್ಗೇಶ ಪಕ್ಕದಲ್ಲಿ ಕೂತು, ಅರುಣಾ ಒಳಗಿನಿಂದ ತಂದು ಕೊಟ್ಟ ಹನಿಯ ಸೀಸೆ ತೆಗೆದುಕೊಂಡು, ಮಾವನ ಗದ್ದ ಮೇಲೆತ್ತಿ, ಒಂದೊಂದೇ ಕಣ್ಣಿಗೆ ಹಾಕುತ್ತಾನೆ. ಇದರಿಂದ ನೋಟ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾಳೆ. ನೋವು ಏರದಿರಲಿ ಎಂದು ಹಾಕುವುದು, ಅಷ್ಟೇ.